ಖಾಲಿ ಬಡಾವಣೆಯ ನಲ್ಲಿಗಳು

ನಾನು ಹಳೆಯ ಕಬ್ಬಿಣ ಕೊಂಡು ಮಾರುವವನು. ಪೀಣ್ಯದಲ್ಲಿ ಮುಚ್ಚಿದ ಎಷ್ಟೋ ಕಾರ್ಖಾನೆಗಳನ್ನು ಬಿಚ್ಚಿ ಸಾಗಿಸಿದ್ದೇನೆ. ಆದರೆ ಜಿಗಣಿಯಾಚೆಯ ಆ ಬಡಾವಣೆಯ ಗೇಟು ದಾಟಿದಾಗ ಗಾಡಿ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಮೆರವಣಿಗೆ ಹೋಗುವಷ್ಟು ಅಗಲದ ರಸ್ತೆ, ಸಾಲು ದೀಪದ ಕಂಬ, ಒಂದೇ ಅಚ್ಚಿನ ಮನೆಗಳು, ಈಜುಕೊಳದೊಳಗೆ ಎದೆಯೆತ್ತರದ ಎಕ್ಕದ ಗಿಡ. ಜನರಿಲ್ಲ; ಟಾರಿನ ಮೇಲೆ ನವಿಲುಗಳು ಮಾಲೀಕರ ಹಾಗೆ ಓಡಾಡುತ್ತಿದ್ದವು.

ಇದನ್ನು ಕಟ್ಟುವಾಗಲೂ ನೋಡಿದ್ದೆ. ಕೆರೆಗೆ ಮಳೆನೀರು ತರುವ ರಾಜಕಾಲುವೆ ಅಡ್ಡ ಬಂದಿತ್ತು. ಅದನ್ನು ಮುಚ್ಚಿ, ಮೇಲೆ ಈ ರಸ್ತೆ ಎಳೆದು, 'ಕೆರೆ ಕಾಣುವ ಮನೆಗಳು' ಎಂದು ಮಾರಿದರು. ಮೊದಲು ಕೆರೆ ಒಣಗಿತು, ಆಮೇಲೆ ಬೋರ್‌ವೆಲ್, ಆಮೇಲೆ ಜನ ಖಾಲಿಯಾದರು. ಸೈಟು ಕೊಳ್ಳುವವರಿಗೆ ನನ್ನದೊಂದು ಮಾತು: ಗೇಟು ನೋಡಿ ಮರುಳಾಗಬೇಡಿ. ಮಳೆ ಸುರಿಯುವಾಗ ಹೋಗಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ.

ಗೇಟು, ಕಂಬ, ನೆಲದೊಳಗಿನ ಪೈಪು ಎಲ್ಲ ನನಗೇ ಎಂದು ಕಟ್ಟಿದವರ ಜೊತೆ ಮಾತಾಗಿತ್ತು. ಅಗೆಯಲು ಗುರುತು ಹಾಕುತ್ತಿದ್ದಾಗ ಕೊನೆಯ ಬೀದಿಯಿಂದ ಒಬ್ಬ ಹೆಂಗಸು ಬಂದರು. ಅಲ್ಲಿ ಇನ್ನೂ ಒಲೆ ಉರಿಯುತ್ತಿದ್ದುದು ಅವರ ಮನೆಯಲ್ಲಿ ಮಾತ್ರ.

"ಅಣ್ಣಾ, ಗೇಟು ಬೇಕಾದ್ರೆ ಹೊತ್ಕೊಂಡ್ ಹೋಗಿ. ಪೈಪು ಮುಟ್ಬೇಡಿ. ನಮ್ಮ ಬೀದಿ ಕುಸಿದಿದೆ, ಟ್ಯಾಂಕರ್ ಮನೆವರೆಗೂ ಬರಲ್ಲ. ಟ್ಯಾಂಕರ್ ನೀರು ದಿಬ್ಬದ ಮೇಲಿನ ತೊಟ್ಟಿಗೆ ತುಂಬಿಸಿ, ಈ ಪೈಪಲ್ಲೇ ಬಿಟ್ಕೋಬೇಕು. ನೀರಿಲ್ಲ ಅಂದ್ರೆ ನಾವೂ ಹೊರಡ್ಬೇಕಾಗತ್ತೆ. ಹೋಗಕ್ಕೆ ಬೇರೆ ಜಾಗ ಇಲ್ಲ."

"ಪೈಪು ಬಿಟ್ರೆ ನನಗೇನಕ್ಕಾ ಉಳಿಯೋದು?"

"ಅದು ಆಮೇಲೆ. ಈಗ ನಮ್ಮೆಜಮಾನ್ರು ತೊಟ್ಟಿ ಹತ್ರ ವಾಲ್ವ್ ತಿರುಗಿಸ್ತಾರೆ. ಓಡೋಕಾಗತ್ತಾ, ಹೊಟ್ಟೆ ಅಡ್ಡ ಬರತ್ತಾ?"

ಪೈಪಿನೊಳಗೆ ಸಿಕ್ಕ ಗಾಳಿ ಹೊರಗೆ ಹೋಗದಿದ್ದರೆ ನೀರು ಮುಂದೆ ಹರಿಯುವುದಿಲ್ಲ. ಅದಕ್ಕೆ ಅವರು ಖಾಲಿ ಮನೆಗಳ ಅಂಗಳದ ನಲ್ಲಿಗಳನ್ನೆಲ್ಲ ತೆರೆದಿಟ್ಟಿದ್ದರು; ನೀರು ಬಂದ ಹಾಗೆ ಒಂದೊಂದನ್ನೇ ಓಡಿ ನಿಲ್ಲಿಸಬೇಕು.

ಮೊದಲು ಏನೂ ಇಲ್ಲ. ಆಮೇಲೆ ದಿಬ್ಬದ ಬಳಿಯ ನಲ್ಲಿ ಸಿಳ್ಳೆ ಹಾಕಿತು. ಅದರ ಪಕ್ಕದ್ದು ಗೊರಗುಟ್ಟಿತು. ಸಾಲಿನುದ್ದಕ್ಕೂ ಮನೆ ಮನೆಯೂ ಉಸಿರು ಬಿಡುತ್ತಾ, ಆ ಸದ್ದು ನೆಲದಡಿಯಲ್ಲಿ ನಮ್ಮತ್ತಲೇ ನಡೆದು ಬಂತು. ಸತ್ತಿತು ಎಂದು ನಾನು ಬೆಲೆ ಕಟ್ಟಿದ್ದ ಊರು ಅದು.

"ಬಾಯ್ಬಿಟ್ಕೊಂಡ್ ಏನ್ ನಿಂತ್ರಿ! ನೀರು ಪೋಲಾಗ್ತಿದೆ, ನಿಲ್ಸಿ!"

ಕಾಂಪೌಂಡಿನಿಂದ ಕಾಂಪೌಂಡಿಗೆ ಓಡಿ ನಲ್ಲಿ ತಿರುಗಿಸಿದೆ. ಕಡೆಗೆ ಅವರ ಅಡುಗೆಮನೆಯಲ್ಲಿ ಬಿಂದಿಗೆಗೆ ನೀರು ಬಿತ್ತು.

ಒದ್ದೆ ಕೈಯಲ್ಲೇ ಕಟ್ಟಿದವರಿಗೆ ಫೋನು ಮಾಡಿದೆ. "ಪೈಪೆಲ್ಲ ತುಕ್ಕು ಸಾರ್. ಅಗೆದ್ರೆ ಕೂಲಿನೂ ಹುಟ್ಟಲ್ಲ, ಯಾರೂ ಕೊಳ್ಳಲ್ಲ. ಅದನ್ನ ಬಿಟ್ಟು ರೇಟು ಹೇಳಿ."

ಅಷ್ಟು ಗಟ್ಟಿ ಪೈಪು ನಾನು ಬೇರೆಲ್ಲೂ ನೋಡಿಲ್ಲ.