ಕ್ರಾಸಿನಲ್ಲಿ ಕಾಯದ ಬಸ್ಸು

ಅಥವಾ ನಾನು ಕೈ ಎತ್ತಿರಲೇ ಇಲ್ಲವೇನೋ. ಎತ್ತಿದ್ದೆ ಎಂದು ಬರೆದು ಹೊಡೆದುಹಾಕಿದೆ. ಎತ್ತಲಿಲ್ಲ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ನನಗೆ ಅನುಕೂಲವಾದದ್ದನ್ನೇ ನೆನಪಿಸಿಕೊಳ್ಳುವ ಈ ತಲೆಯನ್ನು ನಂಬುವುದು ಹೇಗೆ?

ಬಸ್ಸಂತೂ ನಿಜ. ಕುಣಿಗಲ್‌ನಿಂದ ತುಮಕೂರಿಗೆ ಬೆಳಗಿನ ಪ್ರೈವೇಟ್ ಬಸ್ಸು. ಮುಕ್ಕಾಲು ಪಾಲು ಅಂತರಸನಹಳ್ಳಿ ಫ್ಯಾಕ್ಟರಿಗಳಿಗೆ ಹೋಗುವವರು. ನಾನು ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಆ ತಿಂಗಳು ಉಪಯುಕ್ತತಾವಾದದ ಪಾಠ: ಅತಿ ಹೆಚ್ಚು ಜನಕ್ಕೆ ಅತಿ ಹೆಚ್ಚು ಸುಖ ತರುವುದೇ ಸರಿಯಾದ ಕೆಲಸ ಎಂದವರ ಪಾಠ. ಗುಬ್ಬಿ ಕಡೆಯ ಕಂಡಕ್ಟರ್ ಪಕ್ಕ ಕೂತು ದಿನಾ ಕೇಳುತ್ತಿದ್ದ, "ಇವತ್ತು ಯಾರ್ ಪಾಠ ಸಾ?" ನಾನೂ ಉತ್ಸಾಹದಿಂದ ಹೇಳುತ್ತಿದ್ದೆ. ಎಲ್ಲರ ಹಿತವೂ ಒಂದೇ ಎಂದ ಪ್ರಾಚೀನ ಚೀನಾದವನು. ಸುಖದುಃಖ ಕೂಡಿ ಕಳೆದು ಕಾನೂನು ಮಾಡಿ ಎಂದ ಇಂಗ್ಲೆಂಡಿನವನು. ಸುಖದಲ್ಲೂ ಮೇಲುಕೀಳಿದೆ ಎಂದು ತಿದ್ದಿದ ಅವನ ಶಿಷ್ಯ. ಪ್ರಾಣಿಗಳ ನೋವನ್ನೂ ಎಣಿಸಿ ಎಂದು ಈಗಲೂ ಜಗಳಾಡುತ್ತಿರುವವರು.

ಕೊತ್ತಗೆರೆ ಕಡೆಯ ದಾರಿ ಬಂದು ಸೇರುವ ಕ್ರಾಸಿನಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಹತ್ತುತ್ತಿದ್ದಳು. ಡೇರಿಗೆ ಹಾಲು ಹಾಕಿ ಓಡಿಬರಬೇಕು. ಬಸ್ಸು ಎರಡು ನಿಮಿಷ ಕಾಯುತ್ತಿತ್ತು. ಅದು ತಪ್ಪಿದರೆ ಮುಂದಿನ ಬಸ್ಸು ಎರಡು ಕ್ಲಾಸು ಮುಗಿದ ಮೇಲೇ. ಫ್ಯಾಕ್ಟರಿಯವರಿಗೆ ತಡವಾದರೆ ಗೇಟು ಹಾಕಿಬಿಡುತ್ತಾರೆಂಬ ಭಯ, ಅದೂ ಸುಳ್ಳಲ್ಲ.

ಅವತ್ತು ಅವಳು ದೂರದಲ್ಲಿ ಓಡಿಬರುವುದು ಕಾಣುತ್ತಿತ್ತು. ಹಿಂದಿನ ಸೀಟಿನಿಂದ ಒಬ್ಬ ಕೂಗಿದ, "ಏನ್ಲಾ, ಮಹಾರಾಣಿ ಬರೋಗಂಟ ಕಾಯ್ಬೇಕಾ?"

ಕಂಡಕ್ಟರ್ ನನಗೆ ಕಣ್ಣು ಹೊಡೆದ. "ಮೇಷ್ಟ್ರ ಲೆಕ್ಕದಲ್ಲೇ ನೋಡ್‌ಬುಡಾನ. ಹೋಗಾನ ಅನ್ನೋರು ಕೈ ಎತ್ರಪ್ಪಾ!"

ಕೈಗಳು ಎದ್ದವು. ಬಸ್ಸು ಹೊರಟಿತು. ಆಮೇಲೆ ಆ ಕ್ರಾಸಿನಲ್ಲಿ ಕಾಯುವುದೇ ನಿಂತಿತು.

ನಾಲ್ಕು ದಿನದ ಮೇಲೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಸಾರ್, ಕೈ ಎತ್ಸಿ ಎಣ್ಸಿದ್ರಂತೆ. ನಾನು ಹೊರಗಡೆ ಓಡ್ತಾ ಇದ್ನಲ್ಲ, ನನ್ನ ಯಾರ್ ಎಣ್ಸಿದ್ರು?"

"ಅದು ಸಿದ್ಧಾಂತದ ತಪ್ಪಲ್ಲಮ್ಮ, ಬಳಸಿದವರ ತಪ್ಪು" ಎಂದೆ. ಥೂ! ಪುಸ್ತಕದ ಪ್ರಕಾರ ಸರಿಯಾದ ಉತ್ತರವೇ. ಲೆಕ್ಕದಲ್ಲಿ ಅವಳೂ ಒಬ್ಬಳು, ಎರಡು ನಿಮಿಷದ ಕಿರಿಕಿರಿಗೂ ಅವಳ ಓದಿಗೂ ಒಂದೇ ತೂಕವಲ್ಲ ಎಂದು ಬಸ್ಸಿನಲ್ಲಿ ಎದ್ದು ಹೇಳಬೇಕಾದವನು ನಾನು. ಆ ಚಿಂತಕರ ಮೇಲೂ ನನಗೆ ಸಿಟ್ಟಿದೆ. ಎಣಿಸಿ, ಎಣಿಸಿ ಎಂದರಲ್ಲ, ಎಣಿಸುವವನು ಬಸ್ಸಿನೊಳಗೇ ಕೂತಿರುತ್ತಾನೆಂದು ದಪ್ಪ ಅಕ್ಷರದಲ್ಲಿ ಬರೆಯಬಾರದಿತ್ತೇ? ಬರೆದಿದ್ದರೋ ಏನೋ. ನಾನೇ ಆ ಪುಟ ಬಿಟ್ಟು ಪಾಠ ಮಾಡಿರಬಹುದು.

ಅವಳು ಮತ್ತೆ ಕ್ಲಾಸಿಗೆ ಬರಲಿಲ್ಲ. ಪರೀಕ್ಷೆ ಬರೆದಳೋ ಇಲ್ಲವೋ ಗೊತ್ತಿಲ್ಲ, ನಾನು ವಿಚಾರಿಸಲಿಲ್ಲ. ಅವತ್ತು ನನ್ನ ಕೈ ಮೇಲಿತ್ತೋ, ತೊಡೆಯ ಮೇಲಿತ್ತೋ, ಅದೂ ಗೊತ್ತಿಲ್ಲ.