ಸಾವಿರ ಮೀಟರಿನ ಮೇಲಿನ ‘ನೀನು’

ಹೊಸ ಮ್ಯಾನೇಜರ್ ಟಾರ್ಬೆನ್‌ನ ಹೆಸರೆತ್ತಿದರೆ ಸಾಕು, ಬುರ್ಗಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಟಿರೋಲಿನ ಬೆಟ್ಟದ ಮೇಲಿನ ಆ ಐಷಾರಾಮಿ ಹೋಟೆಲಿನಲ್ಲಿ ಅವಳು ಬಡಿಸಲು ಶುರುಮಾಡಿದಾಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. ಆಮೇಲೆ ಹುಟ್ಟಿದ್ದಾದರೂ ಎಲ್ಲಿ? ಹ್ಯಾಂಬರ್ಗಿನಲ್ಲಿ, ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲಿ! ಅಂಥವನು ಸ್ಕೀ ಸೀಸನ್ ಶುರುವಾಗುವ ಹೊತ್ತಿಗೆ ಬಂದಿಳಿದು, ಊಟದ ಹಾಲ್‌ನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೆಟ್ಟದವರಿಗೆ ಬೆಟ್ಟದ ಪದ್ಧತಿಯ ಪಾಠ ಮಾಡಿದ. ಮೊಮ್ಮಗ ಅಜ್ಜನಿಗೆ ಕೆಮ್ಮು ಕಲಿಸಿದ ಹಾಗೆ.

ಪಾಠ ಇಷ್ಟೇ. ಸಾವಿರ ಮೀಟರಿನ ಮೇಲೆ ಎಲ್ಲರೂ ಸಮಾನರು, ಅಲ್ಲಿ ‘ನೀವು’ ಇಲ್ಲ, ಬರೀ ‘ನೀನು’ ಎಂಬುದು ಈ ಬೆಟ್ಟಗಳ ಸಂಪ್ರದಾಯ. ನಮ್ಮ ಹೋಟೆಲು ಅದಕ್ಕಿಂತ ಎಷ್ಟೋ ಎತ್ತರದಲ್ಲಿದೆ. ಆದ್ದರಿಂದ ಇವತ್ತಿನಿಂದ ಅತಿಥಿ ಯಾರೇ ಆಗಲಿ, ಮಂತ್ರಿಯೇ ಆಗಲಿ, ‘ನೀನು’ ಅನ್ನಬೇಕು. ಅತಿಥಿಗಳಿಗೆ ಮನೆಗೆ ಬಂದ ಹಾಗೆ ಅನಿಸುತ್ತದಂತೆ.

ಸಂಪ್ರದಾಯವೇನೋ ನಿಜ. ಬುರ್ಗಾಳ ಅಪ್ಪ ಕುರಿ ಕಾಯಲು ಬೆಟ್ಟ ಹತ್ತಿದವನು, ಅವನೂ ಹಾಗೇ ಮಾತಾಡುತ್ತಿದ್ದ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಬಂಡೆ ಹತ್ತುವಾಗ ಜೊತೆಯವನು ಕಾಲು ಜಾರಿದರೆ ಬಹುವಚನ ಹುಡುಕಿಕೊಂಡು ಕೂರುವುದಕ್ಕೆ ಆಗುತ್ತದೆಯೇ? ಆದರೆ ಈ ಊಟದ ಹಾಲ್‌ನಲ್ಲಿ ಯಾರು ಜಾರುತ್ತಿದ್ದರು? ಬೆಳ್ಳಿ ಮುಚ್ಚಳದ ಕೆಳಗೆ ಜಿಂಕೆ ಮಾಂಸ, ಐದು ಬಗೆಯ ಊಟ, ಕಾಲ ಕೆಳಗೆ ರತ್ನಗಂಬಳಿ. ಇಲ್ಲಿ ‘ನೀವು’ ಬಿಟ್ಟು ‘ನೀನು’ಗೆ ಬರಲು ಒಂದು ಶಾಸ್ತ್ರವೇ ಇತ್ತು. ದೊಡ್ಡವರಾದವರು ತಾವಾಗಿ ಮುಂದಾಗಬೇಕು, ವೈನಿನ ಲೋಟ ತಾಗಿಸಬೇಕು, ತಮ್ಮ ಹೆಸರು ಹೇಳಬೇಕು. ಆಮೇಲೆ ಜೀವನಪೂರ್ತಿ ‘ನೀನು’. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ, ಕೇಳಿ ಪಡೆಯುವ ಹಾಗೂ ಇಲ್ಲ.

ಅಂಥ ಒಂದು ‘ನೀನು’ಗಾಗಿ ಬುರ್ಗಾ ವರ್ಷಗಟ್ಟಲೆ ಕಾದಿದ್ದಳು. ಅವಳಿಗೆ ಐವತ್ತು ದಾಟಿತ್ತು. ಚಳಿಗಾಲವೆಲ್ಲ ಹೋಟೆಲಿನಲ್ಲಿ, ಬೇಸಿಗೆಯೆಲ್ಲ ಅಣ್ಣನ ಹುಲ್ಲುಗಾವಲಿನಲ್ಲಿ ಕಳೆದುಹೋಗಿ, ಮದುವೆ ಎಂಬುದು ಎರಡರ ನಡುವೆ ಎಲ್ಲೋ ತಪ್ಪಿಹೋಗಿತ್ತು. ಅದಕ್ಕಾಗಿ ಅವಳು ಅತ್ತವಳಲ್ಲ. ಆದರೆ ಪ್ರತಿ ಫೆಬ್ರುವರಿಯಲ್ಲಿ ಲಿಂಟ್ಸ್ ನಗರದಿಂದ ಅಶಾವರ್ ಎಂಬವರು ಬರುತ್ತಿದ್ದರು, ಬ್ರಷ್ ಕಾರ್ಖಾನೆಯ ಯಜಮಾನರು, ಹೆಂಡತಿ ಸತ್ತು ಎಷ್ಟೋ ಕಾಲವಾಗಿತ್ತು. ಕಿಟಕಿ ಪಕ್ಕದ ಮೇಜು ಅವರದು. ಬುರ್ಗಾ ಅವರ ಮೀನಿನ ಮುಳ್ಳು ಬಿಡಿಸಿಕೊಡುತ್ತಾ ನಿಂತರೆ, ಅವರು ಮೆತ್ತಗೆ ಮಾತಾಡುತ್ತಾ ಕೂರುತ್ತಿದ್ದರು. ಕೊನೆಯ ಮೇಜಿನವರು ಎದ್ದುಹೋದರೂ ಮಾತು ಮುಗಿಯುತ್ತಿರಲಿಲ್ಲ. ಈ ವರ್ಷ ಲೋಟ ಎತ್ತುತ್ತಾರೆ, ಮುಂದಿನ ವರ್ಷ ಎತ್ತುತ್ತಾರೆ ಎಂದು ಇವಳ ಲೆಕ್ಕ. ಎಷ್ಟಾದರೂ ಅವರು ಅತಿಥಿ, ದೊಡ್ಡವರು, ಮುಂದಾಗಬೇಕಾದವರು ಅವರೇ. ಅವರೋ, ‘ನೀವು ತುಂಬಾ ದಯಾಳು, ಬುರ್ಗಾ ಅವರೇ’ ಎಂದು ಕೈಕುಲುಕಿ ರೈಲು ಹತ್ತುತ್ತಿದ್ದರು.

ಈಗ ಟಾರ್ಬೆನ್ ಆ ‘ನೀನು’ವನ್ನೇ ಸೂಪಿನ ಜೊತೆ ಮೇಜು ಮೇಜಿಗೂ ಹಂಚಿಸುತ್ತಿದ್ದ.

ಫೆಬ್ರುವರಿಯಲ್ಲಿ ಅಶಾವರ್ ಬಂದರು. ಅವರು ಕೂರುವ ಮೊದಲೇ ಟಾರ್ಬೆನ್ ಅವರ ಹೆಗಲ ಮೇಲೆ ಕೈಹಾಕಿ, “ಏನಪ್ಪಾ ವೆಂಡೆಲಿನ್, ಆರಾಮಾ? ನಿನ್ನ ಮೇಜು ರೆಡಿ ಇದೆ” ಅಂದ. ಮನೆತನದ ಹೆಸರಲ್ಲ, ಅವರ ಸ್ವಂತ ಹೆಸರು! ಇಷ್ಟು ವರ್ಷ ಬುರ್ಗಾ ಮನಸ್ಸಿನಲ್ಲಿ ಕೂಡ ಉಚ್ಚರಿಸಲು ಹೆದರಿದ್ದ ಹೆಸರು. ಅಶಾವರ್ ಹೆಗಲು ಕುಗ್ಗಿಸಿಕೊಂಡು ಕುಳಿತರು. ಟಾರ್ಬೆನ್ ಕಂಬದ ಬಳಿ ನಿಂತು, ಬುರ್ಗಾ ಏನನ್ನುತ್ತಾಳೋ ಎಂದು ಕಿವಿ ನಿಮಿರಿಸಿದ.

ಬುರ್ಗಾಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ‘ನೀನು’ ಅಂದರೆ ಅವರು ಕೊಡಬೇಕಾದದ್ದನ್ನು ತಾನೇ ಕದ್ದ ಹಾಗೆ. ‘ನೀವು’ ಅಂದರೆ ಟಾರ್ಬೆನ್‌ನ ಕಾಟ. ಹೀಗಾಗಿ ಅವಳು ಎರಡೂ ಇಲ್ಲದೆ ದಿನ ದೂಡಿದಳು. “ಸೂಪು ಆಗಬಹುದಾ?” “ಮೀನು ಬೇಕಾ, ಮಾಂಸ ಬೇಕಾ?” “ಪ್ರಯಾಣ ಹೇಗಾಯಿತು?” ಯಾರಿಗೆ ಹೇಳಿದ್ದೆಂದು ಗೊತ್ತಾಗದ ಮಾತುಗಳು. ಪಕ್ಕದ ಮೇಜಿನಲ್ಲಿ ಮ್ಯೂನಿಕ್ಕಿನ ಹರೆಯದ ಹುಡುಗರಿಗೆ ಮಾತ್ರ “ನಿನಗೆ ಇನ್ನೊಂದು ಬಿಯರಾ?” ಎಂದು ಸಲೀಸಾಗಿ ಕೇಳುತ್ತಿದ್ದಳು. ಅವರ ಬಗ್ಗೆ ಅವಳಿಗೇನಿತ್ತು?

ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ ಅಶಾವರ್ ಮೀನನ್ನು ಮುಟ್ಟಲೇ ಇಲ್ಲ. ಚಾಕು, ಮುಳ್ಳುಚಮಚ ಜೋಡಿಸಿಟ್ಟು, ಮೇಜಿನ ಬಟ್ಟೆಯ ಮಡಿಕೆ ಸರಿಮಾಡುತ್ತಾ ತಲೆ ತಗ್ಗಿಸಿಯೇ ಕೇಳಿದರು.

“ನನ್ನಿಂದ ಏನಾದರೂ ತಪ್ಪಾಯ್ತಾ? ಆ ಹುಡುಗರನ್ನೆಲ್ಲ ನೀನು ತಾನು ಅಂತ ಮಾತಾಡಿಸ್ತೀರಿ. ನನಗೆ ಮೊದಲಿನ ‘ನೀವು’ ಕೂಡ ಇಲ್ಲ.”

ಬುರ್ಗಾಳ ಸಹನೆಯ ಕಟ್ಟೆ ಒಡೆಯಿತು. ತಟ್ಟೆಯನ್ನು ಕುಕ್ಕಿ, ತಗ್ಗಿದ ದನಿಯಲ್ಲೇ ಸಿಡಿದಳು.

“ಅದು ಆ ಮಹಾಶಯನ ಆರ್ಡರು! ಅದನ್ನ ಊರಿಗೆಲ್ಲ ಹಂಚ್ತಾ ಇದೀನಿ. ಅದನ್ನೇ ತಂದು ನಿಮ್ಮ ತಟ್ಟೆಗೂ ಬಡಿಸಲಾ? ನೀವಾಗಿ ಕೊಡ್ತೀರಿ ಅಂತ ಇಷ್ಟು ವರ್ಷ ಕಾದಿದ್ದೀನಲ್ಲ, ನನಗೆ ಬುದ್ಧಿ ಇಲ್ಲ.”

“ನಾನು ಕೊಡೋದಾ?” ಅಶಾವರ್ ಕಣ್ಣರಳಿಸಿದರು. “ಗಂಡಸು ಮುಂದಾಗಬಾರದು, ಹೆಂಗಸೇ ಮೊದಲು ಕೊಡಬೇಕು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು. ನಾನೂ ಕಾಯ್ತಾನೇ ಇದ್ದೆ. ನಿಮಗೆ ಇಷ್ಟವಿಲ್ಲವೇನೋ ಅಂದುಕೊಂಡೆ.”

ಅತಿಥಿ ಮುಂದಾಗಲಿ ಎಂದು ಇವಳು, ಹೆಂಗಸು ಮುಂದಾಗಲಿ ಎಂದು ಅವರು. ಒಂದೇ ಶಾಸ್ತ್ರದ ಎರಡು ನಿಯಮ ಹಿಡಿದುಕೊಂಡು ಇಬ್ಬರು ಬುದ್ಧಿವಂತರು ಒಂದು ಮೇಜಿನ ಎರಡು ಕಡೆ ತಲೆ ನರೆಸಿಕೊಂಡಿದ್ದರು. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಅಮ್ಮಂದಿರ ಮೇಲೆ, ಶಾಸ್ತ್ರದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ, ಮೆತ್ತಗೆ ಮಾತಾಡುವ ಈ ಮನುಷ್ಯನ ಮೇಲೆ.

“ಹಾಗಾದರೆ ಈಗಲೇ ಆಗಲಿ” ಎಂದು ಅಶಾವರ್ ವೈನಿನ ಲೋಟ ಎತ್ತಿದರು.

“ಬೇಡ” ಅಂದಳು ಬುರ್ಗಾ. “ಇಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ.”

ಅಷ್ಟರಲ್ಲಿ ಟಾರ್ಬೆನ್ ಹಲ್ಲು ಕಿರಿದುಕೊಂಡು ಬಂದ. ವೆಂಡೆಲಿನ್‌ಗೆ ಎಲ್ಲ ಸರಿ ಇದೆಯಾ ಎಂದು ವಿಚಾರಿಸಿದ. ಬುರ್ಗಾ ಅವನ ಕಡೆ ತಿರುಗಲಿಲ್ಲ. ಮೂರು ಮೇಜಿಗೆ ಕೇಳುವ ಹಾಗೆ ಹೇಳಿದಳು.

“ಅಶಾವರ್ ಅವರೇ, ನಿಮ್ಮ ಮೀನು ತಣ್ಣಗಾಗಿದೆ, ಬೇರೆ ತರ್ತೀನಿ. ನಾಳಿದ್ದು ಗುರುವಾರ ನನಗೆ ರಜೆ. ನೀವು ಕೆಳಗೆ, ಪೇಟೆಗೆ ಬನ್ನಿ.”

ಟಾರ್ಬೆನ್‌ನ ಮುಖ ಕಪ್ಪಿಟ್ಟಿತು. ಅಡಿಗೆಮನೆಯಲ್ಲಿ ಅವನು ಏನೇನೋ ಅಂದ. ಅವಳು ಮೀನು ಎತ್ತಿಕೊಂಡು ಬಂದಳು.

ಗುರುವಾರ ಇಬ್ಬರೂ ಬಸ್ಸಿನಲ್ಲಿ ಕಣಿವೆಗೆ ಇಳಿದರು, ಬೇರೆ ಬೇರೆ ಸೀಟಿನಲ್ಲಿ ಕುಳಿತು. ಪೇಟೆಯ ರೈಲ್ವೆ ಸ್ಟೇಷನ್ನಿನ ಪಕ್ಕದ ಸಣ್ಣ ಹೋಟೆಲಿನ ಮುಂದೆ ಹಿಮದ ಬದಲು ಕೆಸರಿತ್ತು, ಒಳಗೆ ಮೇಜಿಗೆ ಪ್ಲಾಸ್ಟಿಕ್ ಹೊದಿಕೆ. ಸಾವಿರ ಮೀಟರಿಗಿಂತ ಎಷ್ಟೋ ಕೆಳಗೆ. ಬಡಿಸುವವಳು ಬಂದು, “ನೀವೇನು ತಗೋತೀರಿ?” ಎಂದು ಇಬ್ಬರನ್ನೂ ಮರ್ಯಾದೆಯಿಂದ ಕೇಳಿದಳು. ಬುರ್ಗಾ ಕೆಂಪು ವೈನ್ ಹೇಳಿದಳು. ಬಂದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಲೋಟ ಎತ್ತಿದಳು.

“ನಾನು ಬುರ್ಗಾ.”

“ನಾನು ವೆಂಡೆಲಿನ್.”

ಲೋಟಗಳು ತಾಗಿದವು. ಕುಡಿದರು. ಇನ್ನು ಮೊದಲ ಮಾತು ಯಾರದು ಎಂದು ಇಬ್ಬರೂ ಮತ್ತೆ ಸುಮ್ಮನೆ ಕುಳಿತದ್ದು ಕಂಡು ಅವಳಿಗೆ ರೇಗಿಹೋಯಿತು.

“ನಿನಗೆ ಬಾಯಿ ಇರಲಿಲ್ಲವೇನೋ, ಇಷ್ಟು ವರ್ಷ?”

“ನಿನಗಿತ್ತಲ್ಲ” ಅಂದರು ಅಶಾವರ್, ಮೆತ್ತಗೆ.