ಮೋಟಾರಿನಲ್ಲಿ ಉಳಿದ ಸದ್ದು

ಮೋಟಾರು ಕೆಟ್ಟರೆ ಬೇರೆ ಮಿಸ್ತ್ರಿಗಳು ಬೋಲ್ಟು ಬಿಚ್ಚುವ ಪಾನಾ ಹಿಡಿಯುತ್ತಿದ್ದರು. ಸ್ಟೇಶನ್ ಬಜಾರಿನ ಹುಸೇನ ಮಿಸ್ತ್ರಿ ಮಾತ್ರ ಕಣ್ಣು ಮುಚ್ಚುತ್ತಿದ್ದ. ಗಿರಾಕಿ ಚಹಾ ಕುಡಿದು ಬಂದರೂ ಕಣ್ಣು ಮುಚ್ಚಿಯೇ ಇರುತ್ತಿತ್ತು. ಅದು ಕೆಲಸವೋ ನಿದ್ದೆಯೋ, ಕಟ್ಟಿಕೊಂಡ ಹೆಂಡತಿ ಸಕೀನಾಳಿಗೂ ತಿಳಿಯುತ್ತಿರಲಿಲ್ಲ.

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಕಲಬುರಗಿ ಸೀಮೆಯಲ್ಲಿ ರೇಡಿಯೋ ಇದ್ದ ಮೋಟಾರು ಒಂದೇ. ಅದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿದ್ದ ಕಾಶಿರಾಯ ಗೌಡರದು. ಎಂಜಿನ್ ನಿಲ್ಲಿಸಿದರೆ ಬ್ಯಾಟರಿ ಸೋತು ರೇಡಿಯೋ ಮಲಗುತ್ತಿತ್ತು. ನಡೆಸಿದರೆ ಹಾಡನ್ನೆಲ್ಲ ನುಂಗುವಂತೆ ಕುಂಯ್‌ಗುಡುತ್ತಿತ್ತು.

“ನಮ್ಮವ್ವ ದೆವ್ವ ಹೊಕ್ಕದ ಅಂತಾಳಪಾ,” ಎಂದರು ಗಾಡಿಯನ್ನು ಹುಸೇನನ ಅಂಗಡಿಗೆ ತಂದ ಗೌಡರು.

“ಬಿಡಸ್ತೀನ್ರಿ ಗೌಡ್ರ. ಕೂಲಿ ಬ್ಯಾಡ. ಇವತ್ತ ಸಂಜಿಗಿ ನನ್ನ ತಂಗಿ ಹೈದರಾಬಾದ್ ರೇಡಿಯೋದಾಗ ಹಾಡ್ತಾಳಂತ. ಅಷ್ಟು ಕೇಳಾಕ ಬಿಡ್ರಿ.”

ಗೌಡರು ಅವನನ್ನು ಕೂಡಿಸಿಕೊಂಡು ಕಮಲಾಪುರಕ್ಕೆ ಹೊರಟರು.

ಹುಸೇನನ ತಂಗಿ ಮುನೀರಾ ಮದುವೆಯಾಗಿ ಹೈದರಾಬಾದು ಸೇರಿ ವರ್ಷಗಳಾಗಿದ್ದವು. ಮಕ್ಕಳಾಗಿರಲಿಲ್ಲ. ತವರಿಗೆ ಬಂದಾಗಲೆಲ್ಲ ಓಣಿಯವರು ‘ಏನರೆ ಖುಷ್ ಖಬರ್?’ ಎಂದು ಕೇಳಿ ಕೇಳಿ ಜೀವ ಹಿಂಡಿದರು. ಕಂಡವರ ಮಡಿಲಿನ ಚಿಂತೆ ಹೊರುವ ಆ ನಾಲಿಗೆಗಳಿಗೆ ಹುಳ ಬೀಳಲಿ. ಕಡೆಯ ಸಲ ಬಂದವಳು ಬಂದೇನವಾಜರ ದರ್ಗಾದಲ್ಲಿ ಕೈಬಳೆ ತೆಗೆದಿಟ್ಟು, ಮಡಿಲು ತುಂಬುವ ತನಕ ಗಾಜಿನ ಬಳೆ ತೊಡುವುದಿಲ್ಲ, ಈ ಊರಿಗೆ ಬರುವುದೂ ಇಲ್ಲ ಎಂದು ಹರಕೆ ಹೊತ್ತು ಹೋಗಿದ್ದಳು. ಅವಳ ಬರಿಗೈ ಹುಸೇನನ ಕನಸಿನಲ್ಲಿ ಬರುತ್ತಿತ್ತು. ಅವಳು ಹೇಗಿದ್ದಾಳೆಂದು ಅವಳ ದನಿಯಿಂದಲಾದರೂ ತಿಳಿಯಬೇಕಿತ್ತು.

ತೋಟದಲ್ಲಿ ಗಾಡಿ ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಬಾಳೆ ಎಲೆಗಳು ಸಂಜೆಯ ಗಾಳಿಗೆ ಮೆಲ್ಲಗೆ ತೂಗುತ್ತಿದ್ದವು. ಹುಸೇನ ಕಣ್ಣು ಮುಚ್ಚಿದ. ಕುಂಯ್ ಎನ್ನುವುದು ಎಂಜಿನ್ನಿನೊಂದಿಗೆ ಏರಿ, ಅದರೊಂದಿಗೇ ಇಳಿಯುತ್ತಿತ್ತು. ಅಂದರೆ ಅದರ ಹುಟ್ಟು ಡೈನಮೋದಲ್ಲಿ. ರೇಡಿಯೋದ ತಂತಿಯನ್ನು ಗಾಡಿಯ ಕಬ್ಬಿಣಕ್ಕೆ ಬಿಗಿದ ಬೋಲ್ಟು ಹುಡುಕಿದರೆ ಬೋಲ್ಟೇ ಕಾಣಲಿಲ್ಲ. ಗೌಡರ ತಾಯಿ ದುಂಡಮ್ಮ ಅಮಾವಾಸ್ಯೆಗೊಮ್ಮೆ ಗಾಡಿಪೂಜೆ ಮಾಡುವಾಗ ಅದನ್ನು ಸಡಿಲಿಸಿ, ಸಂದಿಯನ್ನೂ ಬಿಡದೆ ಎಣ್ಣೆ ಕುಂಕುಮ ತುಂಬಿಸಿ, ಅಲ್ಲೊಂದು ಪುಟ್ಟ ದೇವರನ್ನೇ ಎಬ್ಬಿಸಿದ್ದಳು. ತಂತಿ ಕಬ್ಬಿಣವನ್ನು ಮುಟ್ಟುತ್ತಲೇ ಇರಲಿಲ್ಲ, ಡೈನಮೋದ ಸದ್ದೆಲ್ಲ ರೇಡಿಯೋದೊಳಗೆ ನುಗ್ಗುತ್ತಿತ್ತು.

“ಅವ್ವಾ, ಇದನ್ನ ಕೆರದು ತಗೀಲ್ಯಾ?” ಎಂದು ಗಾಡಿಯ ಹತ್ತಿರ ಬಂದು ನಿಂತಿದ್ದ ದುಂಡಮ್ಮನನ್ನು ಕೇಳಿದ.

“ದೇವರನ್ನ ಕೆರೀತಿಯೇನೋ?”

“ದೇವರು ಸರದು ಕೂತ್ರ ನನ್ನ ತಂಗಿ ದನಿ ಬರ್ತದವ್ವಾ.”

ಮುದುಕಿ ಅವನ ಮುಖ ನೋಡಿದಳು. “ತಗಿ. ನಾ ಗಾಲಿಗಿ ಹಚ್ಚತೀನಿ.”

ಕೆರೆದು ಬಿಗಿದ. ಕುಂಯ್ ಅಡಗಿತು. ಹೊತ್ತು ಸರಿಯಾಗಿತ್ತು, ಮುನೀರಾಳ ದನಿ ಬಂತು. ಚಿಕ್ಕಂದಿನಲ್ಲಿ ಅವ್ವ ಬೀಸುವಾಗ ಹೇಳುತ್ತಿದ್ದ ಹಾಡು. ಹುಸೇನನಿಗೆ ತಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

“ಇನ್ನೂ ಒಂದು ಉಳದದಲ್ಲೋ. ಕಿಣಿಕಿಣಿ ಅಂತದ ನೋಡು,” ಎಂದರು ಗೌಡರು.

ಹೌದು, ಇತ್ತು. ಎಲ್ಲಿಯದು? ಎಂಜಿನ್ ನಿಲ್ಲಿಸಿ ನೋಡಬೇಕು. ನಿಲ್ಲಿಸಿದರೆ ಹಾಡು ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದರೂ ನಿಲ್ಲಿಸಿದ.

ಕಿಣಿಕಿಣಿ ನಿಲ್ಲಲಿಲ್ಲ. ಗಾಡಿಯದ್ದಲ್ಲ. ಅದು ತಾಳಕ್ಕೆ ಸರಿಯಾಗಿ, ಹಾಡುವವಳ ಕೈಯೊಂದಿಗೆ ಆಡುತ್ತಿತ್ತು. ಗಾಜಿಗೆ ಗಾಜು ತಾಗುವ ಸದ್ದು, ಮುಂಗೈ ತುಂಬ.

ಹುಸೇನ ಕಣ್ಣು ತೆರೆದ. ಕಣ್ಣು ತುಂಬಿತ್ತು.

“ಯಾಕ ಸುಮ್ನ ಕೂತಿ? ತಗಿ ಅದನ್ನೂ,” ಎಂದರು ಗೌಡರು.

“ಅದು ಇರ್ಲಿರಿ ಗೌಡ್ರ. ಅದು ನನ್ನ ತಂಗಿ ಕೈಬಳಿ ಸದ್ದು.”

ದನಿ ಸಣ್ಣಗಾಗುತ್ತ ಬಂದು ರೇಡಿಯೋ ಮಲಗಿತು. ಬಾಳೆ ಎಲೆಗಳ ಸದ್ದಷ್ಟೇ ಉಳಿಯಿತು. ಹುಸೇನ ಬಾನೆಟ್ಟು ಮುಚ್ಚಿ ಕೈ ಒರೆಸಿಕೊಂಡ.

“ಗೌಡ್ರ, ಒಂದಿನ ಈ ಗಾಡಿ ಸ್ಟೇಶನ್ನಿಗಿ ಬೇಕಾಗ್ತದ್ರಿ,” ಎಂದ. “ಮುನೀರಾ ಊರಿಗಿ ಬರ್ತಾಳ.”